ಫೆಲೋಶಿಪ್ ಅಂದರೆ ಭಜನಾ ಮಂಡಳಿ ಅಂದುಕೊಂಡಿದ್ದೆ

ನಮ್ಮ ಮೇಲಿನ ಮನೆಯಾಕೆಗೆ ಫೆಲೋಶಿಪ್ ಸಿಗುತ್ತದೋ ಇಲ್ಲವೋ ಎಂದು ಕಾದ ಆ ಮೂರು ವಾರ ನಾನು ದೇವರ ಮುಂದೆ ಕೂತಷ್ಟು, ನನ್ನ ಮಗಳ ಮದುವೆಯ ಮಾತುಕತೆ ನಡೆದಾಗಲೂ ಕೂತಿರಲಿಲ್ಲ. ಕೆಲಸ ಕೆಡಿಸಿದವಳು ನಾನೇ ಎಂಬ ಅಂಜಿಕೆ ಒಳಗೆ ಕೊರೆಯುತ್ತಿತ್ತು. ಅದು ಹೇಗಾಯಿತು ಅಂತ ಮೊದಲಿನಿಂದಲೇ ಹೇಳುತ್ತೇನೆ.

ನಾವಿರುವುದು ಲಂಡನ್ನಿನ ಕಿಂಗ್ಸ್‌ಬರಿಯಲ್ಲಿ, ಎರಡನೆಯ ಮಹಡಿಯ ಫ್ಲ್ಯಾಟಿನಲ್ಲಿ. ಧಾರವಾಡ ಬಿಟ್ಟು ಮೂವತ್ತು ವರ್ಷದ ಮೇಲಾಯಿತು. ನಮ್ಮ ನೆತ್ತಿಯ ಮೇಲಿನ ಮನೆಯಲ್ಲಿ ತಾಯಿ, ಮಗಳು ಇಬ್ಬರೇ. ತಾಯಿ ಚಿಕ್ಕ ಹುಡುಗಿಯಾಗಿದ್ದಾಗ ಜಮೈಕಾದಿಂದ ಬಂದವರು, ಈಗ ಎಂಬತ್ತು ದಾಟಿದೆ. ಮಗಳು ಇಲ್ಲೇ ಹುಟ್ಟಿ ಇಲ್ಲೇ ಬೆಳೆದವಳು, ನಲವತ್ತೈದರ ಆಸುಪಾಸು. ಬೆಳಗ್ಗೆ ಐದಕ್ಕೆ ಎದ್ದು ವೃದ್ಧಾಶ್ರಮದ ಕೆಲಸಕ್ಕೆ ಹೋಗುತ್ತಾಳೆ, ಮಧ್ಯಾಹ್ನ ಬಂದು ತಾಯಿಗೆ ಉಣ್ಣಿಸುತ್ತಾಳೆ, ಆಮೇಲೆ ಹೊಲಿಯುತ್ತ ಕೂಡುತ್ತಾಳೆ. ನನ್ನನ್ನು ಆಂಟಿ ಅನ್ನುತ್ತಾಳೆ. ಲಿಫ್ಟ್ ಕೆಟ್ಟ ದಿನ ನನ್ನ ಅಕ್ಕಿಯ ಚೀಲ ಮೇಲೆ ತಂದುಕೊಡುವವಳು ಅವಳೇ. ನಾನು ದೇವರಿಗೆ ದೊಡ್ಡದೇನೂ ಕೇಳುವವಳಲ್ಲ. ಇಂಥ ಒಬ್ಬಳನ್ನು ನೆತ್ತಿಯ ಮೇಲೆ ಇಟ್ಟಿದ್ದೀಯಲ್ಲ, ಅಷ್ಟು ಸಾಕಪ್ಪ ಅಂತ ದೀಪ ಹಚ್ಚುವಾಗ ಎಷ್ಟೋ ಸಲ ಅಂದಿದ್ದೇನೆ.

ಅವಳು ಹೊಲಿಯುವುದು ಅಂಗಿ, ಲಂಗ ಅಲ್ಲ. ಆಸ್ಪತ್ರೆಗಳು ಬೇಡವೆಂದು ತೆಗೆದುಹಾಕುವ ಹಳೆಯ ಬೆಡ್‌ಶೀಟು ತರುತ್ತಾಳೆ. ಹೆರಿಗೆಯ ಹೊತ್ತಿನಲ್ಲಿ ತಮ್ಮ ಮಾತು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ ಎನ್ನುವ ಹೆಂಗಸರು ಶನಿವಾರ ಮಧ್ಯಾಹ್ನ ನಮ್ಮ ಕಟ್ಟಡದ ಕೆಳಗಿನ ಹಾಲಿನಲ್ಲಿ ಸೇರುತ್ತಾರೆ. ಹೆಚ್ಚಿನವರು ಬ್ಲ್ಯಾಕ್ ಹೆಂಗಸರು. ಅವರು ತಮ್ಮನ್ನು ಹಾಗೇ ಕರೆದುಕೊಳ್ಳುತ್ತಾರೆ, ತಲೆ ಎತ್ತಿ ಕರೆದುಕೊಳ್ಳುತ್ತಾರೆ, ಅದಕ್ಕೇ ನಾನೂ ಹಾಗೇ ಬರೆಯುತ್ತೇನೆ. ಅವಳು ಅವರಿಗೆ ಏನಾಯಿತು, ಯಾವ ಡಾಕ್ಟರು ಅಂತ ಕೇಳುವುದಿಲ್ಲ. ಒಂದೇ ಕೇಳುತ್ತಾಳೆ: "ಆಗ ನಿನ್ನ ಬಾಯಿಂದ ಬಂದ ಮಾತು ಯಾವುದು?" ಆ ಮಾತನ್ನು, ಒಂದಕ್ಷರ ತಿದ್ದದೆ, ಆ ಹೆಂಗಸೇ ಶೀಟಿನ ಮೇಲೆ ಕೆಂಪು ದಾರದಲ್ಲಿ ಹೊಲಿಯಬೇಕು. ಕೊನೆಗೆ ಶೀಟುಗಳನ್ನೆಲ್ಲ ಕೂಡಿಸಿ, ಗೋಡೆಯಷ್ಟು ದೊಡ್ಡದು ಮಾಡಿ, ಆಸ್ಪತ್ರೆಯವರು ಸಭೆ ಸೇರುವಲ್ಲಿ ತೂಗುಹಾಕುತ್ತಾರೆ. ಸಭೆಗೆ ಬಂದವರು ಓದದೆ ಹೋಗುವಂತಿಲ್ಲ.

ನಾನು ಅಲ್ಲಿಗೆ ಹೋದದ್ದು ಜಗಳಕ್ಕೆ. ನಮ್ಮ ಪಾರ್ಸಲ್ಲು ಹಾಲಿನಲ್ಲಿ ಇಟ್ಟುಹೋಗಿದ್ದರು, ಅದರ ಮೇಲೆ ಯಾರದೋ ಕೋಟು, ಕೋಟಿನ ಮೇಲೆ ಚಹಾದ ಕಪ್ಪು. ಬೈಯಬೇಕೆಂದು ಬಾಯಿ ತೆರೆದವಳು ಅವರ ಹೊಲಿಗೆ ನೋಡಿ ಬೇರೆಯೇ ಅಂದುಬಿಟ್ಟೆ: "ಹೀಗೆ ನಡುವಿನಿಂದ ಹೊಲಿದರೆ ಬಟ್ಟೆ ಸುಕ್ಕಾಗುತ್ತದೆ. ಅಂಚಿನಿಂದ ಹಿಡಿದು ಸುತ್ತುತ್ತ ಒಳಗೆ ಬರಬೇಕು."

"ತೋರಿಸಿ ಆಂಟಿ," ಅಂದಳು ನಮ್ಮ ಮೇಲಿನ ಮನೆಯಾಕೆ, ಸೂಜಿ ಮುಂದೆ ಹಿಡಿದು.

ಅವತ್ತಿನಿಂದ ನಾನು ಶನಿವಾರದವಳಾದೆ. ಶನಿವಾರ ನನಗೆ ಹನುಮಪ್ಪನ ಒಪ್ಪತ್ತು. ಅವರು ತರುವ ಅನ್ನ, ಕೋಳಿ ಯಾವುದೂ ನನಗೆ ನಡೆಯುವುದಿಲ್ಲ. ಎರಡನೆಯ ವಾರವೇ ಒಂದು ಡಬ್ಬಿ ನನ್ನ ಮುಂದೆ ಬಂತು, ಬರೀ ಹುರಿದ ಬಾಳೆ, ಬೇರೆ ಎಣ್ಣೆಯಲ್ಲಿ, ಬೇರೆ ಬಾಣಲೆಯಲ್ಲಿ. "ನಿಮ್ಮ ದೇವರಿಗೆ ಇದು ಓಕೆನಾ?" ಅಂತ ಕೇಳಿದಳು. ಓಕೆ ಅಂದೆ. ನಮ್ಮ ಮನೆಯವರು ಮಾತ್ರ ಸುಮ್ಮನಿರಲಿಲ್ಲ. "ಮೂವತ್ತು ವರ್ಷದಾಗ ನನ್ನ ಒಂದು ಗುಂಡಿ ಹಚ್ಚಿಕೊಡು ಅಂದ್ರ ಕಣ್ಣು ಕಾಣಸಂಗಿಲ್ಲ ಅಂತಿದ್ದಿ. ಈಗ ಹ್ಯಾಂಗ ಕಾಣಸ್ಲಿಕತ್ತದ?" ಅಂದರು.

"ನಿಮ್ಮ ಗುಂಡಿ ಯಾರ ಜೀವಾನೂ ಉಳಸಂಗಿಲ್ಲಲ್ರಿ," ಅಂದೆ.

ಒಂದು ಶನಿವಾರ ಅವಳು ನನ್ನನ್ನೂ ಕೇಳಿದಳು, ನಿಮ್ಮ ಬಾಯಿಂದ ಬಂದ ಮಾತು ಯಾವುದು ಅಂತ. ನನ್ನದೇನೂ ಇಲ್ಲ ಅಂದೆ. ಅವಳು ಒತ್ತಾಯಿಸಲಿಲ್ಲ, ದಾರ ಪೋಣಿಸುತ್ತ ಕೂತಳು. ನಾಲ್ಕು ಹೊಲಿಗೆ ಹಾಕುವಷ್ಟರಲ್ಲಿ ನಾನೇ ಬಾಯಿ ಬಿಟ್ಟೆ. ಈ ದೇಶಕ್ಕೆ ಬಂದ ವರ್ಷ, ಮಗಳಿಗಿಂತ ಮೊದಲು, ಒಂದು ಕೂಸು ಹೊಟ್ಟೆಯಲ್ಲೇ ಹೋಯಿತು. ಅವತ್ತು ಇಡೀ ದಿನ ನರ್ಸು ಬಂದು ಬಂದು "ಪೇನ್?" ಅಂತ ಕೇಳುತ್ತಿದ್ದಳು. ನೋವಲ್ಲ ಅದು. ಸಂಕಟ. ಹೊಟ್ಟೆಯಿಂದ ಗಂಟಲಿಗೆ ಏರಿ ಬರುವಂಥದ್ದು, ಕೂತರೆ ಕೂಡಗೊಡದು, ನಿಂತರೆ ನಿಲ್ಲಗೊಡದು. ಅದಕ್ಕೆ ಇಂಗ್ಲಿಷಿನಲ್ಲಿ ಏನಂತಾರೆ ನನಗೆ ಗೊತ್ತಿರಲಿಲ್ಲ. ನೋವಿಲ್ಲ, ನೋವಿಲ್ಲ ಅಂದೆ. ಅವರು ನೋವಿಲ್ಲ ಅಂತ ಬರೆದುಕೊಂಡು ಹೋದರು. ಇದನ್ನು ನಾನು ನನ್ನ ತಾಯಿಗೂ ಬಿಡಿಸಿ ಹೇಳಿರಲಿಲ್ಲ.

"ಆ ಮಾತನ್ನೇ ಹೊಲಿಯಿರಿ," ಅಂದಳು.

"ಕನ್ನಡದಲ್ಲಿ ಇದೆ ಅದು. ಯಾರಿಗೆ ತಿಳೀಬೇಕು?"

"ಅವತ್ತೂ ಅವರಿಗೆ ತಿಳಿದಿರಲಿಲ್ಲ. ಈಗಲಾದರೂ ನಿಂತು ಕೇಳಲಿ, ಇದೇನು ಅಂತ."

ಮೂರೇ ಅಕ್ಷರ. ಹೊಲಿಯಲು ನನಗೆ ಎರಡು ಶನಿವಾರ ಹಿಡಿಯಿತು. ಆ ಅನುಸ್ವಾರದ ಸೊನ್ನೆ ಮೂರು ಸಲ ಬಿಚ್ಚಿ ಹಾಕಿದೆ.

ಅಂಚಿನಿಂದ ಒಳಗೆ ಬರುವ ಈ ಹೊಲಿಗೆ ಯಾರು ಕಲಿಸಿದರು ಅಂತ ಅವಳು ಕೇಳಿದ್ದು ಆಮೇಲೆ. ಕೌದಿಯ ಹೊಲಿಗೆ, ಹಳೆಯ ಸೀರೆಗಳನ್ನು ಪದರ ಪದರವಾಗಿ ಹೊಲಿದು ಹೊದಿಕೆ ಮಾಡುತ್ತೇವೆ ಅಂದೆ. ಯಾರು ಕಲಿಸಿದ್ದು ಅಂದರೆ ಉತ್ತರ ಕೊಡುವುದು ಕಷ್ಟವಾಯಿತು. ಸುಳ್ಳು ಹೇಳಲು ಮನಸ್ಸಾಗಲಿಲ್ಲ. ಹಳಿಯಾಳದ ಕಡೆಯಿಂದ ಸಿದ್ದಿ ಹೆಂಗಸೊಬ್ಬಳು ಬೇಸಿಗೆಯಲ್ಲಿ ನಮ್ಮ ಮನೆಗೆ ಕೌದಿ ಹೊಲಿದುಕೊಡಲು ಬರುತ್ತಿದ್ದಳು. ಸಿದ್ದಿಯರ ಹಿಂದಿನವರು ಆಫ್ರಿಕಾದಿಂದ ಬಂದವರು, ಎಷ್ಟೋ ತಲೆಮಾರಿನಿಂದ ನಮ್ಮ ಕಾಡಿನಂಚಿನಲ್ಲೇ ಇದ್ದಾರೆ, ನನ್ನಂತೆಯೇ ಕನ್ನಡ ಮಾತಾಡುತ್ತಾರೆ ಅಂದೆ. ಅವಳ ಕೈ ನಿಂತಿತು.

"ನನ್ನಂಥ ಹೆಂಗಸರು? ನಿಮ್ಮ ಊರಲ್ಲಿ?"

"ನಿನ್ನಂಥವರೇ."

"ಅವಳ ಪಕ್ಕ ಕೂತು ಕಲಿತಿರಾ?"

ಇಲ್ಲ ಅಂದೆ. ಅವಳು ಹೊರಗೆ ಕಟ್ಟೆಯ ಮೇಲೆ ಕೂಡುತ್ತಿದ್ದಳು. ನಾನು ಒಳಗೆ, ಕಿಟಕಿಯ ಹತ್ತಿರ. ಅವಳಿಗೆ ಚಹಾ ಕೊಡುವ ಕಪ್ಪು ಬೇರೆ ಇತ್ತು, ಗೋಡೆಯ ಗೂಡಿನಲ್ಲಿ ಬೋರಲು ಹಾಕಿ ಇಡುತ್ತಿದ್ದರು. ಅದನ್ನು ತೊಳೆಯುವವಳೂ ಅವಳೇ. ನಾನು ಕಿಟಕಿಯಿಂದ ನೋಡಿ ನೋಡಿ ಕಲಿತೆ.

ಮೇಲಿನ ಮನೆಯಾಕೆ ಸೂಜಿಯನ್ನು ಶೀಟಿಗೆ ಚುಚ್ಚಿಟ್ಟಳು. ಸಿಟ್ಟಾಗಿದ್ದರೆ ಸಹಿಸಿಕೊಳ್ಳುತ್ತಿದ್ದೆ. "ಅವಳ ಹೆಸರೇನು?" ಅಂತ ಮಾತ್ರ ಕೇಳಿದಳು.

ನನಗೆ ಗೊತ್ತಿರಲಿಲ್ಲ. ಐದಾರು ಬೇಸಿಗೆ ಬಂದುಹೋದವಳ ಹೆಸರನ್ನು ನಮ್ಮ ಮನೆಯಲ್ಲಿ ಒಬ್ಬರೂ ಕೇಳಿರಲಿಲ್ಲ. ಮರುದಿನ ಬೆಳಗ್ಗೆ ಅವಳೆದುರು ಬೀಳಬಾರದೆಂದು ನಾನು ಲಿಫ್ಟ್ ಬಿಟ್ಟು ಮೆಟ್ಟಿಲಿಳಿದು ಹೋದೆ. ಅವಳೂ ಮೆಟ್ಟಿಲಲ್ಲೇ ಬರುತ್ತಿದ್ದಳು. "ಶನಿವಾರ ಬರುತ್ತೀರಿ ತಾನೇ?" ಅಂದಳು. ಕೇಳಿದ್ದೋ, ಹೇಳಿದ್ದೋ, ತಿಳಿಯಲಿಲ್ಲ. ಹೋದೆ.

ಈಗ ಫೆಲೋಶಿಪ್ಪಿನ ಮಾತು. ಅವಳ ವೃದ್ಧಾಶ್ರಮದಲ್ಲಿ ಮೇಲ್ವಿಚಾರಕಿಯ ಕೆಲಸ ಖಾಲಿಯಾಗಿತ್ತು. ತಗೊಂಡರೆ ಶನಿವಾರವೂ ಡ್ಯೂಟಿ. ತಗೊಳ್ಳದೆ ಇರಲು ಮನೆ ನಡೆಯಬೇಕಲ್ಲ, ತಾಯಿಯ ಕಾಲು ದಿನದಿಂದ ದಿನಕ್ಕೆ ಸೋಲುತ್ತಿದೆ. ಕೆಳಗಿನ ಹಾಲ್ ಅವಳ ಹೆಸರಿನಲ್ಲಿ ಸಿಕ್ಕಿದ್ದು, ಅವಳಿಲ್ಲದಿದ್ದರೆ ಶನಿವಾರ ನಿಂತಹಾಗೆಯೇ. ಒಂದು ದಿನ ಲಿಫ್ಟಿನಲ್ಲಿ ಹೇಳಿದಳು: "ಒಂದು ಫೆಲೋಶಿಪ್ಪಿಗೆ ಅರ್ಜಿ ಹಾಕಿದ್ದೇನೆ ಆಂಟಿ. ಬ್ಲ್ಯಾಕ್ ಹೆಂಗಸರೇ ನಡೆಸುವುದು, ಬ್ಲ್ಯಾಕ್ ಹೆಂಗಸರಿಗೇ. ಬಹಳ ಕಡಿಮೆ ಜನರನ್ನು ತಗೊಳ್ಳುತ್ತಾರೆ. ಸಿಕ್ಕರೆ ಈ ಹೊಲಿಗೆಯ ಕೆಲಸವೇ ಮಾಡಿಕೊಂಡಿರಬಹುದು. ನೀವು ನನ್ನ ರೆಫರಿ ಆಗಿ, ನನ್ನ ಬಗ್ಗೆ ಅವರಿಗೆ ನಾಲ್ಕು ಮಾತು ಹೇಳುತ್ತೀರಾ?" ಇನ್ನೂ ಏನೇನೋ ಹೇಳಿದಳು, ಫೆಮಿನಿಸ್ಟ್ ಅಂದಳು, ಆಕ್ಟಿವಿಸ್ಟ್ ಅಂದಳು. ನಾನು ತಲೆಯಾಡಿಸಿದೆ. ಈ ದೇಶದಲ್ಲಿ ತಿಳಿಯದಿದ್ದರೂ ತಲೆಯಾಡಿಸುವುದು ನನಗೆ ರೂಢಿ.

ಆದರೆ ಫೆಲೋಶಿಪ್ ಅನ್ನುವ ಶಬ್ದ ಮಾತ್ರ ನನಗೆ ಗೊತ್ತಿತ್ತು. ಅವಳ ತಾಯಿ ಪ್ರತಿ ಭಾನುವಾರ ಟೋಪಿ ಹಾಕಿಕೊಂಡು ಚರ್ಚಿಗೆ ಹೋಗಿಬಂದು ಹೇಳುತ್ತಾರೆ, "ಪ್ರಾರ್ಥನೆ ಆದಮೇಲೆ ಫೆಲೋಶಿಪ್ ಇತ್ತು, ಅದಕ್ಕೇ ತಡವಾಯಿತು" ಅಂತ. ಚಹಾ, ಕೇಕು, ನಾಲ್ಕು ಹಾಡು. ಅಂದರೆ ನಮ್ಮ ಭಜನಾ ಮಂಡಳಿ ಇದ್ದಂತೆ ಅಂತ ನಾನು ಎಂದೋ ತೀರ್ಮಾನಿಸಿದ್ದೆ. ಇದು ದೊಡ್ಡ ಮಂಡಳಿ ಇರಬೇಕು, ಸೇವೆ ಮಾಡುವವರನ್ನು ಅವರೇ ಸಾಕುತ್ತಾರೆ, ಅದಕ್ಕೇ ನಡತೆ ಎಂಥದು ಅಂತ ನೆರೆಹೊರೆಯಲ್ಲಿ ವಿಚಾರಿಸುತ್ತಾರೆ ಅಂದುಕೊಂಡೆ.

ಮನೆಯವರಿಗೆ ಹೇಳಿದೆ. "ರೆಫರಿ?" ಅಂದರು. "ಸೀಟಿ ಕೊಟ್ಟಾರೇನು ಮತ್ತ?"

ಮಂಗಳವಾರ ಹನ್ನೊಂದಕ್ಕೆ ಫೆಲೋಶಿಪ್ಪಿನವರ ವಿಡಿಯೋ ಕರೆ. ಹಿಂದಿನ ಸಂಜೆ ಸ್ಟ್ರಾಟ್‌ಫರ್ಡ್‌ನಿಂದ ಮಗಳು ಬಂದು ಟ್ಯಾಬ್ಲೆಟ್ಟನ್ನು ಬೇಳೆಯ ಡಬ್ಬಿಗೆ ಒರಗಿಸಿ, ಎಲ್ಲಿ ಒತ್ತಬೇಕು ತೋರಿಸಿ ಹೋಗಿದ್ದಳು. ನಾನು ಪೂಜೆ ಮುಗಿಸಿ ಇಳಕಲ್ ಸೀರೆ ಉಟ್ಟು ಕೂತೆ. ಪರದೆಯ ಮೇಲೆ ಇಬ್ಬರು ಹೆಂಗಸರು ಬಂದರು, ಒಬ್ಬರಿಗೆ ನನ್ನಷ್ಟೇ ವಯಸ್ಸು, ನೆರೆತ ಜಡೆಗಳು. ಅವರು ಬಾಯಿ ತೆರೆಯುವ ಮೊದಲೇ ನನಗೆ ಅನಿಸಿತು, ಅಡ್ಡಿಯಾಗುವಂಥದ್ದನ್ನು ನಾವೇ ಮೊದಲು ಹೇಳಿಬಿಡಬೇಕು.

"ಅವಳು ತಾಯಿಯ ಜೊತೆ ಚರ್ಚಿಗೆ ಹೋಗುವುದಿಲ್ಲ," ಅಂದೆ. "ಅದು ನಿಜ. ಆದರೆ ಅದನ್ನು ತಪ್ಪು ಅಂತ ಹಿಡಿಯಬೇಡಿ. ಆರು ದಿನ ದುಡಿದು ಭಾನುವಾರ ಒಂದಿಷ್ಟು ಮಲಗುತ್ತಾಳೆ. ದೇವರು ಶಾಲೆಯ ಮಾಸ್ತರನಲ್ಲ, ಹಾಜರಿ ಕರೆಯುವುದಿಲ್ಲ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಚಿಕ್ಕವಳು ಬಾಯಿಗೆ ಕೈ ಅಡ್ಡ ಹಿಡಿದಳು. ದೊಡ್ಡವರು ಮಾತ್ರ ಗಂಭೀರವಾಗಿ, "ಬರೆದುಕೊಂಡೆವು," ಅಂದರು. ಆಮೇಲೆ ಕೇಳಿದರು, ಅವಳ ಕೆಲಸದಿಂದ ನಿಮ್ಮಲ್ಲಿ ಏನಾದರೂ ಬದಲಾಗಿದೆಯೇ ಅಂತ.

ಇದಕ್ಕೆ ನಾನು ತಯಾರಾಗಿರಲಿಲ್ಲ. ನನ್ನ ಅರೆಬರೆ ಇಂಗ್ಲಿಷಿನಲ್ಲೇ ಹೇಳಿದೆ. ಸಂಕಟ ಎಂಬ ಮಾತು ಹೇಳಿದೆ. ಅದನ್ನು ಮೂವತ್ತು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದೆ, ಇವಳ ಮುಂದೆ ಹೊರಗೆ ಬಂತು ಅಂದೆ. ಕಟ್ಟೆಯ ಮೇಲೆ ಕೂತ ಹೆಂಗಸಿನ ವಿಷಯ ಹೇಳಬೇಕೋ ಬೇಡವೋ ಅಂತ ಒಂದು ಗಳಿಗೆ ತಡೆದೆ. ನನ್ನ ಮಾನದ ಪ್ರಶ್ನೆ. ಆದರೆ ಸಾಕ್ಷಿ ಹೇಳಲು ಕೂತು ಅರ್ಧ ಹೇಳಿದರೆ ಅದೂ ಸುಳ್ಳೇ. "ನಿಮ್ಮಂಥ ಒಬ್ಬ ಹೆಂಗಸನ್ನು ನಾವು ಒಳಗೆ ಕರೆಯಲಿಲ್ಲ. ಅವಳ ಹೊಲಿಗೆ ಮಾತ್ರ ಇಟ್ಟುಕೊಂಡೆವು. ಇವಳಿಗೆ ಅದನ್ನು ಹೇಳಿದಮೇಲೂ ಇವಳು ನನಗೆ ತನ್ನ ಪಕ್ಕದ ಕುರ್ಚಿ ಇಟ್ಟಳು. ನಾನು ಇವಳ ಜಾಗದಲ್ಲಿದ್ದರೆ ಇಡುತ್ತಿದ್ದೆನೋ ಇಲ್ಲವೋ, ದೇವರಿಗೇ ಗೊತ್ತು," ಅಂದೆ.

ಈಗ ಯಾರೂ ನಗಲಿಲ್ಲ. ದೊಡ್ಡವರು, "ಆ ಮಾತು ಇನ್ನೊಮ್ಮೆ ಹೇಳಿ," ಅಂದರು. ಸಂಕಟ ಅಂದೆ. ಅವರು ನಿಧಾನವಾಗಿ ಬರೆದುಕೊಂಡರು.

ಸಂಜೆ ಮೆಟ್ಟಿಲಲ್ಲಿ ಅವಳು ಸಿಕ್ಕಾಗ ನಾನು ಬೀಗುತ್ತಲೇ ಹೇಳಿದೆ, "ಚರ್ಚಿನ ವಿಷಯಕ್ಕೆ ನೀನೇನೂ ಹೆದರಬೇಡ. ಅದನ್ನು ನಾನು ಸರಿಮಾಡಿದ್ದೇನೆ."

"ಯಾವ ಚರ್ಚು?"

ಹೇಳಿದೆ. ಅವಳು ಮೆಟ್ಟಿಲ ಮೇಲೇ ಕೂತು ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ನಗು ನಿಂತಿತು. ಮುಖ ಒರೆಸಿಕೊಂಡು, "ಇರಲಿ ಆಂಟಿ, ಪರವಾಗಿಲ್ಲ," ಅಂದಳು. ಆ ಪರವಾಗಿಲ್ಲ ನನಗೆ ಸರಿಕಾಣಲಿಲ್ಲ. ಒಳಗೆ ಬಂದು ಮಗಳಿಗೆ ಫೋನು ಹಚ್ಚಿದೆ.

"ಅಮ್ಮಾ! ಅದು ಪ್ರೇಯರ್ ಗ್ರೂಪ್ ಅಲ್ಲ," ಅಂದಳು ಮಗಳು. "ಇಟ್ಸ್ ಫಾರ್ ಬ್ಲ್ಯಾಕ್ ಫೆಮಿನಿಸ್ಟ್ ಆರ್ಟಿಸ್ಟ್ಸ್. ಒಂದು ವರ್ಷ ಆಕೀನ ಕೆಲಸಕ್ಕ ದುಡ್ಡು ಕೊಡ್ತಾರ. ನೀ ಏನಂತ ಹೇಳಿದಿ?"

ಹೇಳಿದೆ. "ಹಾಜರಿ ಅಂತಾನೂ ಹೇಳಿದ್ಯಾ?" ಅಂದಳು.

"ಹೇಳಿದೆ."

"ಓ ಗಾಡ್."

ಹೀಗೆ ಆ ಮೂರು ವಾರ. ನನ್ನಿಂದಾಗಿ ಅವಳಿಗೆ ಅದು ತಪ್ಪಿದರೆ ಶನಿವಾರ ನಿಲ್ಲುತ್ತದೆ, ಹೊಲಿದು ಮುಗಿಸದ ಮಾತುಗಳೆಲ್ಲ ಅಟ್ಟದ ಮೇಲೆ ಪೆಟ್ಟಿಗೆ ಸೇರುತ್ತವೆ. ವೃದ್ಧಾಶ್ರಮದವರು ಮೂರನೆಯ ವಾರದ ಶುಕ್ರವಾರದೊಳಗೆ ಉತ್ತರ ಬೇಕು ಅಂದಿದ್ದರು. ಹನುಮಪ್ಪನಿಗೆ ನಾನು ಹರಕೆ ಹೊರಲಿಲ್ಲ, ವ್ಯಾಪಾರದ ಮಾತು ನನಗೆ ಸೇರುವುದಿಲ್ಲ. "ನನ್ನ ಬಾಯಿ ಹೀಗೆ ಮಾಡಿದವನು ನೀನು, ಅದರ ಫಲ ಅವಳ ಮೇಲೆ ಹಾಕಬೇಡ" ಅಂತ ಮಾತ್ರ ದಿನಾ ಹೇಳಿದೆ.

ಅವಳು ಒಂದು ದಿನವೂ ನನ್ನನ್ನು ಆಡಿಕೊಳ್ಳಲಿಲ್ಲ. ಶನಿವಾರ ಡಬ್ಬಿಯಲ್ಲಿ ಬಾಳೆ ಬಂದೇ ಬಂತು. ಆದರೆ ಅವಳು ದಣಿದಿದ್ದಳು. ಕೈ ಚಲಿಸುತ್ತಿರುವಾಗಲೇ ಕಣ್ಣು ಮುಚ್ಚುತ್ತಿತ್ತು, ಬೆರಳಿಗೆ ಸೂಜಿ ಚುಚ್ಚಿಕೊಂಡು ಎಚ್ಚರವಾಗುತ್ತಿದ್ದಳು.

ಆ ಶುಕ್ರವಾರ ಮಧ್ಯಾಹ್ನ ಬಾಗಿಲು ಬಡಿದ ಸದ್ದು. ನಾನು ರೊಟ್ಟಿ ತಟ್ಟುತ್ತಿದ್ದೆ. ಹಿಟ್ಟಿನ ಕೈಯಲ್ಲೇ ಬಾಗಿಲು ತೆರೆದರೆ ಅವಳು, ಕೆಲಸದ ಉಡುಪಿನಲ್ಲೇ, ಫೋನನ್ನು ಎದೆಗೆ ಅವಚಿಕೊಂಡು ನಿಂತಿದ್ದಳು. "ಬಂದಿದೆ. ನನಗೆ ತೆರೆಯಲಾಗುತ್ತಿಲ್ಲ. ನೀವೇ ಓದಿ."

ಕನ್ನಡಕ ಹುಡುಕಿದೆ, ಸಿಗಲಿಲ್ಲ. ನಮ್ಮ ಮನೆಯವರು ತಮ್ಮದನ್ನೇ ಕಳಚಿ ನನ್ನ ಮೂಗಿನ ಮೇಲೆ ಇಟ್ಟರು. ಅದರಲ್ಲಿ ಅಕ್ಷರ ತೇಲುತ್ತಿದ್ದವು. ಒಂದೊಂದೇ ಶಬ್ದ ಹಿಡಿದು ಓದಿದೆ. ನಮಗೆ ಬಹಳ ಸಂತೋಷವಾಗಿದೆ ಎಂಬಲ್ಲಿಗೆ ಬರುವಷ್ಟರಲ್ಲಿ ಅವಳು ಚಪ್ಪಲಿಯ ಕಪಾಟಿನ ಮೇಲೆ ಕೂತಿದ್ದಳು. "ಇನ್ನೊಮ್ಮೆ," ಅಂದಳು. ಇನ್ನೊಮ್ಮೆ ಓದಿದೆ. ಒಲೆಯ ಮೇಲಿನ ರೊಟ್ಟಿ ಸುಟ್ಟ ವಾಸನೆ ಬಂತು, ಯಾರೂ ಒಲೆಯ ಕಡೆ ಹೋಗಲಿಲ್ಲ.

ನಾನು ಓಲೆಯ ತುದಿಯವರೆಗೂ ಕಣ್ಣಾಡಿಸಿದೆ. "ನನ್ನ ಮಾತಿನ ವಿಷಯ ಏನಾದರೂ ಬರೆದಿದ್ದಾರೆಯೇ?"

ಅವಳು ಫೋನು ತಗೊಂಡು ಕೆಳಗಿನವರೆಗೂ ನೋಡಿದಳು. "ಇಲ್ಲ ಆಂಟಿ. ಏನೂ ಬರೆದಿಲ್ಲ."

"ಅಷ್ಟಾದರೆ ಸಾಕಪ್ಪ," ಅಂದೆ.

"ಕೆಂಪು ಕಾರ್ಡು ಸಿಗಲಿಲ್ಲಲ್ಲ," ಅಂದರು ನಮ್ಮ ಮನೆಯವರು, ಸುಟ್ಟ ರೊಟ್ಟಿ ತೆಗೆಯುತ್ತ.

ಆ ಫೆಲೋಶಿಪ್ಪಿನವರ ಬಗ್ಗೆ ಆಮೇಲೆ ಅವಳಿಂದ ಒಂದಿಷ್ಟು ತಿಳಿಯಿತು. ಇಷ್ಟು ಶೀಟು ಹೊಲಿದು ತೋರಿಸು ಅಂತ ಅವರು ಕೇಳುವುದಿಲ್ಲವಂತೆ. ತಿಂಗಳಿಗೊಮ್ಮೆ ಎಲ್ಲರೂ ಸೇರಿ ಕೂತು ಊಟ ಮಾಡುತ್ತಾರೆ. ಒಬ್ಬಳು ಕವಿತೆ ಓದುವವಳು, ಒಬ್ಬಳು ಮನೆಯಿಲ್ಲದ ಹೆಂಗಸರಿಗಾಗಿ ಕೌನ್ಸಿಲ್ಲಿನ ಜೊತೆ ಬಡಿದಾಡುವವಳು. ಮೊದಲ ಸಲ ಕೇಳಿದ ಪ್ರಶ್ನೆಯೇ, ನೀನು ವಿಶ್ರಾಂತಿ ತಗೊಂಡು ಎಷ್ಟು ದಿನವಾಯಿತು ಅಂತ. ಹೆಂಗಸರ ಕೈಯಲ್ಲಿ ಕೊಡುವ ಅಧಿಕಾರ ಬಂದರೆ ಕೇಳುವ ಪ್ರಶ್ನೆಯೂ ಬೇರೆಯಾಗುತ್ತದೆ, ನೋಡಿ. ನನಗೆ ಅದನ್ನು ಕೇಳಿ ಹೊಟ್ಟೆ ತಣ್ಣಗಾಯಿತು.

ಅವಳು ವೃದ್ಧಾಶ್ರಮದ ಕೆಲಸ ಬಿಟ್ಟ ಮೇಲಿನ ಮೊದಲನೆಯ ಶನಿವಾರ. ಯಾವಾಗಿನಂತೆ ಬಂದು ಹಾಲು ತೆರೆದಳು, ಶೀಟು ಹರಡಿದಳು, ಕುರ್ಚಿಯಲ್ಲಿ ಕೂತಳು. ನಾನು ದಾರ ಕತ್ತರಿಸಿ ಕೊಡೋಣವೆಂದು ತಿರುಗಿದರೆ ನಿದ್ದೆ ಹೋಗಿದ್ದಾಳೆ. ತೂಕಡಿಕೆಯಲ್ಲ, ನಿದ್ದೆ. ಬಾಯಿ ಒಂದಿಷ್ಟು ತೆರೆದಿತ್ತು, ಕೈ ಮಡಿಲಲ್ಲಿ ಬಿದ್ದಿತ್ತು. ಏಳೆಂಟು ಹೆಂಗಸರಿದ್ದೆವು. ಯಾರೂ ಯಾರಿಗೂ ಹೇಳಲಿಲ್ಲ, ಮಾತು ತಾನೇ ಇಳಿಯಿತು. ಒಬ್ಬಳು ಅವಳ ಬೆರಳಿಂದ ಸೂಜಿ ಬಿಡಿಸಿದಳು, ಇನ್ನೊಬ್ಬಳು ತನ್ನ ಕೋಟು ಹೊದಿಸಿದಳು. ಚಹಾದ ಕೆಟಲು ಸದ್ದುಮಾಡುತ್ತದೆಂದು ಅವತ್ತು ಚಹಾ ಇಲ್ಲದೆಯೇ ಹೊಲಿದೆವು.

ನಾಲ್ಕಕ್ಕೆ ಹಾಲಿಗೆ ಬೀಗ ಹಾಕುವವನು ಬಂದ. ಬಾಗಿಲಲ್ಲಿ ನಿಂತು ಗಡಿಯಾರ ತೋರಿಸಿದ. ನಾನು ಎದ್ದುಹೋಗಿ ಅವನಿಗೆ ಅಡ್ಡ ನಿಂತೆ. ಅವಸರಕ್ಕೆ ಇಂಗ್ಲಿಷು ನಾಲಿಗೆಗೆ ಬರಲಿಲ್ಲ. "ಇನ್ನೊಂದು ಅರ್ಧ ತಾಸು ತಡಿಯೋ ತಮ್ಮಾ," ಅಂದೆ. ಅವನು ನನ್ನ ಭುಜದಾಚೆ ನೋಡಿದ. ಬೀಗದ ಕೈಗೊಂಚಲನ್ನು ಸದ್ದಾಗದಂತೆ ಮುಷ್ಟಿಯಲ್ಲಿ ಹಿಡಿದು, ಹೊರಗಿನ ಬೆಂಚಿನ ಮೇಲೆ ಹೋಗಿ ಕೂತ.